‘ಕೇಳಿಸು’ ಎಂದಾಗ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ತೂಕದ ಸಾಫ್ಟ್‌ವೇರ್ ನೋಡಿಕೊಳ್ಳುವ ಶಮೀನಾ ಬಿಡುವಿನಲ್ಲಿ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಳು. ಕೊಪ್ಪಳದಲ್ಲಿ ಸಂಗೀತ ಕಲಿಸುವ ಗವಿಸಿದ್ದೇಶನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಕಂಪ್ಯೂಟರ್ ಓದಿ ಹೇಳುವುದನ್ನು ಕೇಳುತ್ತ, ಕೀಲಿಗಳನ್ನು ಒತ್ತುತ್ತ ಅವನು ತಾನೇ ಹಾಡು ಜೋಡಿಸಲಿ ಎಂದು ಅವಳು ಒಂದು ಪ್ರೋಗ್ರಾಂ ಬರೆಯುತ್ತಿದ್ದಳು. ಸ್ವರ, ತಾಳ, ರೆಕಾರ್ಡ್ ಮಾಡಿದ ದನಿ ಎಲ್ಲವೂ ಅದರೊಳಗೆ ಇದ್ದವು.

ಮೊದಲ ಸಲ ಕೂತಾಗಲೇ ಗವಿಸಿದ್ದೇಶನ ಮುಖ ಸಪ್ಪಗಾಯಿತು. ತಬಲಾದ ಠೇಕಾ, ಅಂದರೆ ತಾಳದ ಬಡಿತಗಳ ಸಾಲನ್ನು ಆರಿಸಿ ಮೆನು ತೆರೆದರೆ, ಕಂಪ್ಯೂಟರ್ ಇದ್ದಬದ್ದ ಆಜ್ಞೆಗಳನ್ನೆಲ್ಲ ಓದತೊಡಗಿತು: ಮೀಂಡ್ ಹಾಕು, ಗದ್ದಲ ತೆಗೆ, ಶ್ರುತಿ ಏರಿಸು...

“ಇದು ತಾಳ ಐತ್ರಿ ಅಕ್ಕಾರ, ಸ್ವರ ಜಾರಿಸೋ ಮೀಂಡ್ ಇದಕ್ಕ ಯಾಕ್ರಿ? ಬ್ಯಾಡಾದ್ದು ಕಣ್ಣಿದ್ದ ನಿಮಗ ತೆರೀ ಮ್ಯಾಲ ಮಸುಕಾಗಿ ಕಾಣತೈತಿ, ಬಿಟ್ಟು ಮುಂದ ಹೋಗ್ತೀರಿ. ನಾನು ಎಲ್ಲಾ ಕೇಳ್ಕೋಂತ ಕೂಡಬೇಕು.”

ಶಮೀನಾ ಮನೆಗೆ ಬಂದು ತಾನು ಬರೆದದ್ದನ್ನು ಬಿಚ್ಚಿ ನೋಡಿದಳು. ಒಂದೊಂದು ಆಜ್ಞೆಯ ಹೊಟ್ಟೆಯಲ್ಲೂ ಅದೇ ರಗಳೆ: ಸ್ವರವಾದರೆ ಹೀಗೆ, ತಾಳವಾದರೆ ಹಾಗೆ, ದನಿಯಾದರೆ ಮತ್ತೊಂದು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಮೆನುವಿಗೆ ಎಲ್ಲ ಗೊತ್ತಿರಬೇಕೆಂದು ಹಟ ಹಿಡಿದದ್ದೇ ತಪ್ಪು ಅನ್ನಿಸಿತು. ಅಷ್ಟನ್ನೂ ಕಿತ್ತು ಹಾಕಿದಳು. ಇನ್ನು ಮೆನು, ಆರಿಸಿದ ವಸ್ತು ಸ್ವರವಿರಲಿ, ತಾಳವಿರಲಿ, ದನಿಯಿರಲಿ, ಅದನ್ನೇ ವಿಚಾರಿಸಬೇಕು: ನಿನ್ನಿಂದ ಏನೇನಾಗುತ್ತದೆ? ಅದು ಹೇಳಿದಷ್ಟನ್ನೇ ಓದಬೇಕು. ಆಜ್ಞೆ ಬಂದರೆ ಅದಕ್ಕೇ ದಾಟಿಸಿ ಸುಮ್ಮನಿರಬೇಕು. ಮಾಡುವ ಬಗೆ ವಸ್ತುವಿನ ಪಾಲಿಗೆ.

ಮತ್ತೆ ಕೊಪ್ಪಳಕ್ಕೆ ಹೋದಾಗ ಗವಿಸಿದ್ದೇಶನ ತಾಯಿ ಮುದಕಮ್ಮ ಚಹಾ ತಂದುಕೊಟ್ಟು ಬಾಗಿಲಲ್ಲೇ ಕೂತಳು. ಅವನು ಠೇಕಾದ ಮೇಲೆ ಮೆನು ತೆರೆದ. ಕಂಪ್ಯೂಟರ್ ಓದಿದ್ದು ನಾಲ್ಕೇ ಆಜ್ಞೆ, ನಾಲ್ಕೂ ತಾಳಕ್ಕೆ ಒಪ್ಪುವಂಥವು.

“ಈಗ ಛಲೋ ಆತು ನೋಡ್ರಿ!” ಎಂದವನೇ, ಶಮೀನಾ ಹೂಂ ಅನ್ನುವುದರೊಳಗೆ ತಂಬೂರಿಯ ಷಡ್ಜ, ಠೇಕಾ, ಫೋನಿನಲ್ಲಿ ಹಿಡಿದಿಟ್ಟಿದ್ದ ಅವ್ವನ ಸೋಬಾನೆ ಪದ ಮೂರನ್ನೂ ಒಟ್ಟಿಗೆ ಆರಿಸಿದ.

ಶಮೀನಾ ಚಹಾ ಕೆಳಗಿಟ್ಟು ಮುಂದಕ್ಕೆ ಬಾಗಿದಳು. ಬೇರೆ ಬೇರೆ ಜಾತಿಯ ವಸ್ತುಗಳನ್ನು ಹೀಗೆ ಕೂಡಿಸಿ ಅವಳು ಪರೀಕ್ಷಿಸಿಯೇ ಇರಲಿಲ್ಲ. ಮೂರೂ ಒಪ್ಪಿದ್ದನ್ನಷ್ಟೇ ಮೆನು ಓದಿತು: ಕೇಳಿಸು, ಅಳಿಸು. ಅವನು ‘ಕೇಳಿಸು’ ಒತ್ತಿದ.

ಷಡ್ಜ ತುಂಬಿಕೊಂಡಿತು. ಅದರ ಮೇಲೆ ಠೇಕಾ ಹೆಜ್ಜೆ ಇಟ್ಟಿತು. ನಡುವಿನಿಂದ ಮುದಕಮ್ಮನ ದನಿ ಎದ್ದಿತು. ಒಂದು ಕಂಪ್ಯೂಟರಿನ ಲೆಕ್ಕದಿಂದ ಹುಟ್ಟಿದ ನಾದ, ಒಂದು ತಾಳದ ಎಣಿಕೆ, ಒಂದು ಜೀವಂತ ಉಸಿರು. ಒಂದೇ ಕರೆಗೆ ಮೂರೂ ತಮ್ಮ ತಮ್ಮ ರೀತಿಯಲ್ಲಿ ಓಗೊಟ್ಟಿದ್ದವು.

“ಹಿಂಗ ಕೂಡಿ ನುಡೀರಿ ಅಂತ ಇವಕ್ಕ ನೀವ ಹೇಳೀರೇನ್ರಿ?” ಗವಿಸಿದ್ದೇಶ ಪಿಸುಗುಟ್ಟಿದ.

“ಇಲ್ರಿ. ಹಂಗ ಹೇಳೋ ಸಾಲು ಪ್ರೋಗ್ರಾಂನ್ಯಾಗ ನಾ ಬರದೇ ಇಲ್ಲ.”

ಮುದಕಮ್ಮ ಎದ್ದು ಬಂದು ಸ್ಪೀಕರಿನ ಮೇಲೆ ಅಂಗೈ ಇಟ್ಟಳು. “ಇದು ನಾನ ಏನೋ ತಮ್ಮಾ?” ಎಂದಳು. ಅವನು ತಲೆಯಾಡಿಸಿದ. ರೆಕಾರ್ಡ್ ಮಾಡಿದ್ದ ಹಾಡು ಮೊದಲ ನುಡಿಗೇ ಮುಗಿಯಿತು; ಷಡ್ಜವೂ ಠೇಕಾವೂ ಮಾತ್ರ ನಡೆದೇ ಇದ್ದವು. ಮುದಕಮ್ಮ ಸೆರಗು ಸರಿಪಡಿಸಿಕೊಂಡು, ಕೈ ತೆಗೆಯದೆ, ಎರಡನೆಯ ನುಡಿ ಎತ್ತಿಕೊಂಡಳು.