ಎಡಗಡೆಯ ಎದೆ

ನಮ್ಮ ನವಜಾತ ಶಿಶುಗಳ ವಾರ್ಡಿನಲ್ಲಿ ಮೂರನೇ ತೊಟ್ಟಿಲಿನ ಮಗು ತಾಯಿಯ ಹೊಟ್ಟೆಯಲ್ಲೇ ಮಲ ಮಾಡಿ, ಅದನ್ನು ಶ್ವಾಸಕೋಶಕ್ಕೆ ಎಳೆದುಕೊಂಡು ಹುಟ್ಟಿತ್ತು. ಉಸಿರಾಟಕ್ಕೆ ಯಂತ್ರ ಹಾಕಿ ಎರಡನೇ ದಿನ. ಇಂಥ ಮಕ್ಕಳನ್ನು ಸುಮ್ಮನೆ ಮುಟ್ಟಿದರೂ ಸಾಕು, ರಕ್ತದಲ್ಲಿ ಆಮ್ಲಜನಕ ಸರ್ರನೆ ಇಳಿದುಬಿಡುತ್ತದೆ. ಅದಕ್ಕೇ 'ಮುಟ್ಟಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೆ. ಓದುವವರು ಯಾರು? ಎಕ್ಸ್‌ರೇಯವನು ಕೈ ಎತ್ತಿಟ್ಟ, ರಕ್ತ ತೆಗೆಯುವವಳು ಕಾಲು ಹಿಂಡಿದಳು, ಅಜ್ಜಿ ಕೆನ್ನೆ ಸವರಿದರು. ಬೆಳಗ್ಗೆಯಿಂದ ಎಲ್ಲರ ಮೇಲೂ ಹರಿಹಾಯ್ದು ನನ್ನ ಗಂಟಲು ಕಟ್ಟಿತ್ತು.

ಮುಟ್ಟದೇ ಇದ್ದವನು ಮಗುವಿನ ಅಪ್ಪ ಒಬ್ಬನೇ. ಟೈಲರ್. ಕೈ ಕಟ್ಟಿಕೊಂಡು ಗಂಟೆಗಟ್ಟಲೆ ನೋಡುತ್ತಾ ನಿಂತಿರುತ್ತಿದ್ದ. ನನಗೆ ಅದೂ ಕಿರಿಕಿರಿಯೇ.

"ಸಿಸ್ಟರ್, ಎದೆ ಎರಡೂ ಕಡೆ ಒಂದೇ ಸಮ ಇಲ್ಲ," ಎಂದ. "ಎಡಗಡೆ ಉಬ್ಬಿ ನಿಂತುಬಿಟ್ಟಿದೆ. ಬಲಗಡೆ ಮಾತ್ರ ಏಳ್ತಿದೆ, ಇಳೀತಿದೆ."

ನಾನು ಮಾನಿಟರ್ ನೋಡಿದೆ. ಆಮ್ಲಜನಕ ತೊಂಬತ್ತೆರಡು. ಮಗುವನ್ನು ನೋಡಲಿಲ್ಲ.

"ಇದೇನು ಅಂಗಿ ಅಳತೆನಾ? ನಂಬರ್ ಸರಿಯಾಗಿದೆಯಲ್ಲ. ಹೊರಗೆ ಕೂತ್ಕೊಳ್ಳಿ, ತಲೆ ತಿನ್ನಬೇಡಿ."

ಹೊರಗೆ ಹೋದ. ಆಗ ಗಂಟೆ ಹತ್ತು ಇಪ್ಪತ್ತು.

ಹತ್ತೂವರೆಗೆ ಮಾನಿಟರ್ ಬಡಿದುಕೊಳ್ಳತೊಡಗಿತು. ಐವತ್ತು, ನಲವತ್ತು. ತುಟಿ ನೀಲಿಯಾಯಿತು. ಡಾಕ್ಟರ್ ಓಡಿಬಂದು ಸ್ಟೆತಸ್ಕೋಪ್ ಇಟ್ಟರು.

"ಎಡಗಡೆ ಉಸಿರೇ ಕೇಳಿಸ್ತಿಲ್ಲ. ಶ್ವಾಸಕೋಶ ಒಡೆದು ಗಾಳಿ ಎದೆಯೊಳಗೆ ತುಂಬ್ಕೊಂಡಿದೆ. ಸೂಜಿ ಕೊಡಿ, ಬೇಗ!"

ಎದೆಗೆ ಚುಚ್ಚಿ ಎಳೆದಾಗ ಸಿರಿಂಜು ತುಂಬ ಗಾಳಿ ಬಂತು, ಮತ್ತೆ ಮತ್ತೆ ಬಂತು. ಅಂಕಿ ಮೇಲೇರಲು ಆರು ನಿಮಿಷ ಹಿಡಿಯಿತು.

"ಶ್ವಾಸಕೋಶ ವಾಸಿಯಾಗಬಹುದು. ಮೆದುಳಿಗೆ ಏನಾಗಿದೆ ಅಂತ ಈಗ್ಲೇ ಹೇಳೋಕಾಗಲ್ಲ," ಎಂದರು ಡಾಕ್ಟರ್. "ಮೊದಲು ಗೊತ್ತಾಗಿದ್ದು ಎಷ್ಟು ಹೊತ್ತಿಗೆ? ಬರೀರಿ."

ಪೆನ್ನು ಹಿಡಿದು ನಿಂತೆ. ಹತ್ತೂವರೆ ಎಂದು ಬರೆದರೆ ಕೇಳುವವರು ಯಾರೂ ಇರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಊರಿಗೆಲ್ಲ ಮುಟ್ಟಬೇಡಿ ಎಂದು ಅರಚಿದವಳು, ಒಂದು ಸಲ ಕಣ್ಣಿಟ್ಟು ನೋಡಲಿಲ್ಲ. 'ಹತ್ತು ಇಪ್ಪತ್ತಕ್ಕೆ ಎಡ ಎದೆ ಉಬ್ಬಿದೆ ಎಂದು ತಂದೆ ಹೇಳಿದರು. ನಾನು ಪರೀಕ್ಷಿಸಲಿಲ್ಲ' ಎಂದು ಬರೆದು ಸಹಿ ಹಾಕಿದೆ.

ಅವನಿಗೆ ಅದನ್ನೇ ಹೇಳಲು ಹೊರಗೆ ಬಂದೆ. ಬೆಂಚಿನಿಂದ ದಡಬಡಿಸಿ ಎದ್ದ. ನಾನು ಬಾಯಿ ತೆರೆಯುವ ಮೊದಲೇ ಕೈ ಮುಗಿದ.

"ಸಿಸ್ಟರ್, ಆಗ ನಿಮ್ಮ ಕೆಲಸದ ಮಧ್ಯೆ ಬಾಯಿ ಹಾಕಿಬಿಟ್ಟೆ. ತಪ್ಪಾಯ್ತು. ಆ ಸಿಟ್ಟು ಮಗು ಮೇಲೆ ಇಟ್ಕೋಬೇಡಿ."