ಆ ಬಾಯಿಗೆ ಹಲ್ಲು

ಹಲ್ಲಿನ ಸೆಟ್ಟು ಮಾಡುವವಳಿಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಬೆಳಗಿನ ಪ್ರಾರ್ಥನೆ ಮುಗಿಸಿ ಮೇಣ ಕಾಯಿಸಲು ದೀಪ ಹಚ್ಚಿದ್ದಳಷ್ಟೆ, ಒಳಗಿನಿಂದ ಆ ದನಿ ಎದ್ದಿತು: ನಿನ್ನ ಅತ್ತಿಗೆಗೆ ಹಲ್ಲು ಮಾಡಿಕೊಡು.

ದನಿಯ ಗುರುತು ಅವಳಿಗಿತ್ತು. ಅದು ಅವಳ ಮನಸ್ಸಿನದೇ ಮಾತಾಗಿದ್ದರೆ ಒಮ್ಮೆಯಾದರೂ ಇಷ್ಟವಾಗುವಂಥದ್ದನ್ನು ಹೇಳುತ್ತಿತ್ತು. ಇದು ಹೇಳುವುದೆಲ್ಲ ಬೇಡದ್ದೇ.

"ಯಾರಿಗೆ? ಆ ಬಾಯಿಗಾ?" ಎಂದು ಗಟ್ಟಿಯಾಗಿಯೇ ಕೇಳಿದಳು. ಪಕ್ಕದ ಕೋಣೆಯ ಹಲ್ಲಿನ ಡಾಕ್ಟರು ತಮ್ಮನ್ನೇ ಕರೆದಳೆಂದುಕೊಂಡು ಇಣುಕಿ ಹೋದರು.

ಆ ಬಾಯಿಯ ಪ್ರತಾಪ ದೇವರಿಗೆ ಗೊತ್ತಿರಲಿಲ್ಲವೇ? ಇವಳ ಗಂಡ ಸತ್ತ ದಿನ, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಅವನ ಅಕ್ಕನಾದ ಈ ಅತ್ತಿಗೆ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ "ನನ್ನ ತಮ್ಮನ್ನ ತಿಂದ್ಕೊಂಡ್ಲು" ಎಂದಿದ್ದಳು. ಅಂದಿನಿಂದ ಇವಳು ಯಾವ ಅಂಗಡಿಗೆ ಹೋದರೂ ಆ ಮಾತು ಮೊದಲೇ ಹೋಗಿ ಕೂತಿರುತ್ತಿತ್ತು. ಈಗ ಅತ್ತಿಗೆಯ ಬಾಯಲ್ಲಿ ಒಂದು ಹಲ್ಲೂ ಇಲ್ಲ, ಮೊಣಕಾಲು ಹೋಗಿ ಮೆಟ್ಟಿಲಿಳಿಯುವಂತಿಲ್ಲ, ಗಂಜಿ ಕುಡಿದೇ ಸೊರಗಿದ್ದಾಳೆ ಎಂಬ ಸುದ್ದಿ ಬಂದಾಗ ಇವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಸುಳ್ಳೇಕೆ ಹೇಳುವುದು!

ಕೆಲವು ದಿನ ಜಾಣಕಿವುಡು ನಟಿಸಿದಳು. ದನಿ ತಲೆ ತಿನ್ನುವುದನ್ನು ಬಿಡಲಿಲ್ಲ. ಕೊನೆಗೆ ಚೀಲಕ್ಕೆ ಸಾಮಾನು ತುಂಬಿಕೊಂಡು, ದಾರಿಯುದ್ದಕ್ಕೂ ಗೊಣಗುತ್ತ ಹೋದಳು.

ಅವಳನ್ನು ಕಂಡದ್ದೇ ಅತ್ತಿಗೆ ವಸಡಿಗೆ ವಸಡು ಬಿಗಿದಳು. ಇವಳೂ ಮುಖ ಗಂಟಿಕ್ಕಿಕೊಂಡೇ ಅಚ್ಚು ತೆಗೆದಳು, ಮೇಣದ ಪಟ್ಟಿ ಬಾಯಿಗಿಟ್ಟು "ಕಚ್ಚಿ" ಎಂದಳು, ಸಾಮಾನು ಚೀಲಕ್ಕೆ ತುರುಕಿ ಎದ್ದು ಬಂದಳು.

ಹಲ್ಲು ಜೋಡಿಸಿ ನೋಡಿದರೆ ಮೇಲಿನದಕ್ಕೂ ಕೆಳಗಿನದಕ್ಕೂ ತಾಳೆಯೇ ಆಗಲಿಲ್ಲ. ಸಿಟ್ಟಿನಲ್ಲಿ ಕಚ್ಚಿದವರ ಕೆಳದವಡೆ ಮುಂದಕ್ಕೆ ಬಂದಿರುತ್ತದೆ. ಎಂಜಲು ನುಂಗಿಸಿ, ದವಡೆ ಸಡಿಲವಾದ ಮೇಲೆ ಕಚ್ಚಿಸಬೇಕು. ಕೆಲಸ ಕಲಿಯಲು ಬಂದವರು ಇಂಥ ತಪ್ಪು ಮಾಡಿದ್ದರೆ ಇವಳೇ ಚಳಿ ಬಿಡಿಸುತ್ತಿದ್ದಳು.

"ಮಾಡು ಅಂದೆ, ಮಾಡಿದೆ. ಮುಗೀತು," ಎಂದಳು ದೇವರಿಗೆ.

ಅದರಲ್ಲಿ ಅವಳು ತಿನ್ನುವುದು ಹೇಗೆ, ಎಂದಿತು ದನಿ.

ಇನ್ನೊಮ್ಮೆ ಹೋಗಬೇಕಾಯಿತು. ಈ ಸಲ ಅತ್ತಿಗೆಯ ಗಲ್ಲವನ್ನು ಅಂಗೈಯಲ್ಲಿ ಹಿಡಿದು ಕೂತಳು. ದವಡೆ ಕಲ್ಲಾಗಿತ್ತು.

"ಸಡಿಲ ಬಿಡಿ ಅತ್ತಿಗೆ."

"ನಿನ್ನ ಮುಖ ನೋಡ್ಕೊಂಡು ಹೇಗೆ ಬಿಡ್ಲೇ?"

ಅಷ್ಟು ದಿನ ತಡೆದುಕೊಂಡದ್ದೆಲ್ಲ ಕಟ್ಟೆಯೊಡೆಯಿತು. "ನನ್ನ ಮುಖಾನಾ? ಕಡೇವರೆಗೂ ಅವರ ಕಣ್ಮುಂದೆ ಇದ್ದಿದ್ದು ಈ ಮುಖ ಒಂದೇ! ಚಮಚದಲ್ಲಿ ನೀರು ಹಾಕಿದ್ದು ನಾನು, ಮಗ್ಗುಲು ತಿರುಗಿಸಿದ್ದು ನಾನು. ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಅಂತ ಕೇಳ್ತಾನೇ ಇದ್ರು. ಎಷ್ಟು ಸಲ ಹೇಳಿ ಕಳಿಸಿದೆ! ಸತ್ತ ಮೇಲೆ ಬಂದ್ರಲ್ಲ, ಆ ಬಾಯಿ ಒಂದನ್ನ ಹೊತ್ಕೊಂಡು!"

ಅತ್ತಿಗೆಯ ಬಾಯಿ ತೆರೆದುಕೊಂಡಿತು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು, ಎಂಜಲು ನುಂಗಿದಳು. ದವಡೆ ಸಡಿಲವಾದದ್ದು ಇವಳ ತಲೆಗಿಂತ ಮೊದಲು ಕೈಗೆ ತಿಳಿಯಿತು. ಇವಳು ಉಸಿರು ಬಿಡುವ ಮುಂಚೆಯೇ ಮೇಣದ ಪಟ್ಟಿ ಒಳಗಿಟ್ಟಳು.

"ಕಚ್ಚಿ."

ಅತ್ತಿಗೆ ಕಚ್ಚಿದಳು. ದವಡೆ ತನ್ನ ಜಾಗದಲ್ಲಿತ್ತು.

ಸೆಟ್ಟು ತಯಾರಾದ ದಿನ ಅದನ್ನು ಅತ್ತಿಗೆಯ ಬಾಯಲ್ಲಿ ಕೂರಿಸಿ, "ಏನಾದ್ರೂ ಮಾತಾಡಿ, ನೋಡೋಣ. ನಿಮಗೇನು ಮಾತಿಗೆ ಬರವೇ?" ಎಂದಳು.

ಅತ್ತಿಗೆ ಕಿಟಕಿಯ ಕಡೆ ತಿರುಗಿದಳು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಬರಬೇಕಿತ್ತು ನಾನು. ಅವನನ್ನ ಹಾಗೆ ನೋಡೋ ಧೈರ್ಯ ಆಗ್ಲಿಲ್ಲ. ತಪ್ಪನ್ನೆಲ್ಲ ನಿನ್ನ ಮೇಲೆ ಹಾಕಿಬಿಟ್ಟೆ."

ಇಷ್ಟು ವರ್ಷ ಈ ಮಾತಿಗಾಗಿ ಕಾದದ್ದು ನಿಜ. ಬಂದಾಗ ಮಾತ್ರ ಇವಳಿಗೆ ಮತ್ತಷ್ಟು ಸಿಟ್ಟೇ ಬಂತು. ಬೀದಿಗೆಲ್ಲ ಕೇಳುವಂತೆ ಕೂಗಿದ್ದನ್ನು ಹೀಗೆ ಮಂಚದ ಮೇಲೆ ಮೆಲ್ಲಗೆ ಹೇಳಿ ಮುಗಿಸಿಬಿಡುವುದೇ?

"ಮೇಲಿನದು ಒಂಚೂರು ಉದ್ದ ಆಯ್ತು," ಎಂದು ಸೆಟ್ಟನ್ನು ಹೊರತೆಗೆದು, ಬೆನ್ನು ತಿರುಗಿಸಿ ಕೂತು ಅರದಿಂದ ಉಜ್ಜತೊಡಗಿದಳು. ಅದು ಉದ್ದವೇನೂ ಆಗಿರಲಿಲ್ಲ. ಕಣ್ಣು ಮಂಜಾಗಿ ಹಲ್ಲು ಸರಿಯಾಗಿ ಕಾಣುತ್ತಲೂ ಇರಲಿಲ್ಲ.

ಒಳಗೆ ದನಿ ಏಳುವ ಸೂಚನೆ ಸಿಕ್ಕಿತು. ಇವಳು ಮೊದಲೇ ಬಾಯಿ ಹಾಕಿದಳು: "ಹಲ್ಲು ಮಾಡಿಕೊಡು ಅಂದೆ, ಮಾಡಿದ್ದೀನಿ. ಕ್ಷಮಿಸು ಅಂತ ನೀನು ಹೇಳಿರಲಿಲ್ಲ. ಈಗಲೇ ಹೇಳಬೇಡ. ಸ್ವಲ್ಪ ತಡಿ."