ಮಹಾಪ್ರಾಣವಿಲ್ಲದ ಕಾಯಿಲೆ

ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥನನ್ನು ಎಲ್ಲರೂ ಎದುರಿಗೆ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಶುದ್ಧಪ್ಪ. ರೋಗಿಗಳು ಕಾಯಿಲೆಯ ವಿವರ ಹುಡುಕಲೆಂದು ಅವನು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಒಂದು ಕಿಂಡಿ ಮಾಡಿಸಿದ್ದ. ಹೆಸರನ್ನು ಅವನು ಬರೆಸಿದ ಹಾಗೆಯೇ ಬರೆದರೆ ಸರಿ. ಒಂದಕ್ಷರ ಆಚೀಚೆಯಾದರೂ ‘ಅಂಥ ಕಾಯಿಲೆ ಇಲ್ಲ’ ಎಂದು ಅದು ಕೈ ತೊಳೆದುಕೊಳ್ಳುತ್ತಿತ್ತು.

ಅವನ ಅಕ್ಕನಿಗೆ ಡಾಕ್ಟರು ಹೊಸ ಮಾತ್ರೆ ಕೊಟ್ಟಿದ್ದರು. ಏನು ತಿನ್ನಬಾರದೆಂದು ತಿಳಿಯಲು ಕಿಂಡಿ ತಟ್ಟಿ ಸಾಕಾಗಿ ಫೋನ್ ಮಾಡಿದಳು.

“ಬಿಪಿ ಅಂತ ಹಾಕಿದೆ ಕಣೋ, ಇಲ್ವಂತೆ.”

“ರಕ್ತದೊತ್ತಡ ಅಂತ ಹಾಕಕ್ಕಾ.”

“ರಕ್ತದ ಒತ್ತಡ... ಅದೂ ಇಲ್ಲ.”

“ಬಿಡಿಸಿ ಬರೀಬಾರದು. ಸಂಧಿ ಆಗ್ಬೇಕು.”

“ನನ್ನ ತಲೆ ಸಿಡೀತಿದೆ, ನಿಂಗೆ ಸಂಧಿ ಚಿಂತೆ.”

“ಜನ ಸರಿಯಾದ ಪದ ಕಲೀಲಿ ಅಂತಾನೇ ಹೀಗೆ ಮಾಡಿರೋದು.”

“ಕಲಿಯೋವರೆಗೂ ಬದುಕಿರಬೇಕಲ್ಲಪ್ಪ,” ಎಂದು ಅಕ್ಕ ಫೋನಿಟ್ಟಳು. ಹಿತ್ತಲ ಗಿಡ ಮದ್ದಲ್ಲವಲ್ಲ ಎಂದು ಅವನಿಗೆ ಬೇಜಾರಾಯಿತು.

ತಿಂಗಳ ಸಭೆಯಲ್ಲಿ ಅವನು ಎದೆಯುಬ್ಬಿಸಿ ವರದಿ ಓದಿದ. ಹುಡುಕಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ‘ಅಂಥ ಕಾಯಿಲೆ ಇಲ್ಲ’ ಎಂದು ಉತ್ತರ ಹೋಗಿತ್ತು. ಊರಿನ ಆರೋಗ್ಯ ಸುಧಾರಿಸಿದೆ ಎಂಬುದಕ್ಕೆ ಅದೇ ಸಾಕ್ಷಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಭೆಯುದ್ದಕ್ಕೂ ಕುರ್ಚಿಯ ಹಿಂದೆ ನಿಂತೇ ಇದ್ದ ನಿರ್ದೇಶಕರು ಮಾತ್ರ ತಟ್ಟಲಿಲ್ಲ. ಉಳಿದವರು ಹೋದ ಮೇಲೆ ಬಾಗಿಲು ಹಾಕಿದರು.

“ಪೈಲ್ಸ್ ಅಂತ ಹಾಕಿದೆ. ಮೊಳೆರೋಗ ಅಂತ ಹಾಕಿದೆ. ಸಿಗಲಿಲ್ಲ. ನನ್ನ ಸ್ನೇಹಿತರೊಬ್ಬರಿಗೆ ಬೇಕಿತ್ತು.”

“ಮೂಲವ್ಯಾಧಿ ಅಂತ ಹಾಕ್ಬೇಕು ಸಾರ್.”

“ಅದನ್ನೂ ಹಾಕಿದೆ, ನೋಡಿ.”

ಶುದ್ಧಪ್ಪ ಅವರ ಫೋನಿನೊಳಗೆ ಇಣುಕಿದ. “ಮೂಲವ್ಯಾದಿ ಅಂತಿದೆ. ಮಹಾಪ್ರಾಣ ಬಿಟ್ಟಿದ್ದೀರಿ ಸಾರ್.”

“ಇಲ್ಲಿ ಇರೋ ಪ್ರಾಣವೇ ಹೋಗ್ತಿದೆ, ಮಹಾಪ್ರಾಣ ಎಲ್ಲಿಂದ ತರ್ಲಿ?”

ಸಂಜೆಯೊಳಗೆ ಆ ಒಂದು ಕಾಯಿಲೆ ಯಾವ ಹೆಸರಿಟ್ಟು ಕರೆದರೂ ಓಗೊಡತೊಡಗಿತು. ಫೈಲ್ಸ್ ಎಂದು ಬರೆದರೂ ಬರುತ್ತಿತ್ತು. ಕಚೇರಿಯ ಕಡತ ಹುಡುಕಿದವರಿಗೂ ಅದೇ ಸಿಕ್ಕಿ, ಸ್ನೇಹಿತರು ಯಾರೆಂದು ಇಡೀ ಆಸ್ಪತ್ರೆಗೆ ಗೊತ್ತಾಯಿತು. ಉಳಿದ ಕಾಯಿಲೆಗಳು ‘ಪರಿಶೀಲನೆಯಲ್ಲಿವೆ’ ಎಂದು ಶುದ್ಧಪ್ಪ ಪ್ರಕಟಣೆ ಹೊರಡಿಸಿದ.

ಅಕ್ಕ ಆಸ್ಪತ್ರೆಗೇ ಬಂದು, ಸಾಲಿನಲ್ಲಿ ನಿಂತು, ಡಾಕ್ಟರನ್ನೇ ಕೇಳಿಕೊಂಡು ಹೊರಟಳು. ತಮ್ಮನ ಕೋಣೆಯ ಮುಂದೆ ಹಾದರೂ ಒಳಗೆ ನೋಡಲಿಲ್ಲ. ಅವನೇ ಮೆಟ್ಟಿಲವರೆಗೆ ಓಡಿ ಬಂದ.

“ಅಕ್ಕಾ, ನಿಂದನ್ನೂ ಸೇರಿಸೋಕೆ ನೋಡ್ತೀನಿ.”

“ನೀನ್ಯಾಕೆ ಕಷ್ಟಪಡ್ತೀಯ,” ಎಂದಳು ಅಕ್ಕ, ಕಂಬಿ ಹಿಡಿದು ಇಳಿಯುತ್ತಾ. “ನಿಮ್ಮ ದೊಡ್ಡವರಿಗೆ ಬಿಪಿನೂ ಬರ್ಲಿ ಬಿಡು, ತಾನಾಗೇ ಸೇರುತ್ತೆ.”